ಫ್ಲಮೆಂಕೊ ಗಿಟಾರ್‌ಗೆ ನಮ್ಮ ಕಡೆಯ ಯಾವ ಮರ ಆದೀತು?

ಜಂತೆಮರ | ಚಿತ್ರದುರ್ಗ

ನಮ್ಮದು ಬಾಗಿಲು, ಕಿಟಕಿ, ಮಂಚ ಮಾಡುವ ಸಣ್ಣ ಅಂಗಡಿ. ಅಪ್ಪ ಈಗಲೂ ಉಳಿ ಹಿಡಿಯುತ್ತಾರೆ. ನಾನು ಹಗಲು ಅದೇ ಕೆಲಸ, ರಾತ್ರಿ ಗಿಟಾರ್. ಹೋದ ವರ್ಷ ಒಂದು ನಕ್ಷೆ ಮುಂದಿಟ್ಟುಕೊಂಡು ಮೊದಲ ಗಿಟಾರ್ ಮಾಡಿದೆ. ಅಂಗಡಿಯಲ್ಲಿ ಇದ್ದದ್ದು ತೇಗ. ಹಾಗಾಗಿ ಎಲ್ಲಾ ತೇಗ, ಮೇಲ್ಹಲಗೆ ಕೂಡ. ಗೊತ್ತಿರುವವರು ಈಗಾಗಲೇ ನಗುತ್ತಿರುತ್ತೀರಿ. ತೂಗಿದರೆ ಎರಡು ಕಿಲೋ ಮುನ್ನೂರು ಗ್ರಾಂ. ನೋಡಲು ಚೆನ್ನಾಗಿದೆ. ನುಡಿಸಿದರೆ ಟ್ರಂಕು ಬಡಿದ ಹಾಗೆ. "ಬಾಗಿಲಿಗೆ ತಂತಿ ಕಟ್ಟಿದ್ದೀಯ" ಅಂದರು ಅಪ್ಪ.

ಈಗ ಎರಡನೆಯದು. ಫ್ಲಮೆಂಕೊ, ಅಂದರೆ ಸ್ಪೇನಿನ ಹಾಡು ಕುಣಿತಕ್ಕೆ ನುಡಿಸುವ ಗಿಟಾರ್, ಅದರಲ್ಲೂ ಬ್ಲಾಂಕಾ ಅನ್ನುವ ಬಿಳಿ ಮರದ್ದು. ಸ್ಪೇನಿನಲ್ಲಿ ಇದರ ಬೆನ್ನು ಮತ್ತು ಪಕ್ಕೆಗೆ ಸೈಪ್ರೆಸ್ ಹಾಕುತ್ತಾರೆ. ಮೇಲ್ಹಲಗೆಗೆ ಸ್ಪ್ರೂಸ್, ಕುತ್ತಿಗೆಗೆ ಸ್ಪ್ಯಾನಿಷ್ ಸೀಡರ್, ಬೆರಳು ಹಲಗೆಗೆ ಕರಿಮರ (ಎಬೊನಿ). ಸೈಪ್ರೆಸ್ ಹೊರಗಿನಿಂದ ತರಿಸಬಹುದು. ಆದರೆ ಕೊರಿಯರ್, ಕಸ್ಟಮ್ಸ್ ಎಲ್ಲಾ ಸೇರಿದರೆ ನನ್ನ ಕಲಿಕೆಯ ಕೈಗೆ ಅದು ದುಬಾರಿ. ಪ್ರಶ್ನೆ ಇಷ್ಟೇ. ದುರ್ಗ, ದಾವಣಗೆರೆ ಸುತ್ತ, ಹೆಚ್ಚೆಂದರೆ ತರೀಕೆರೆ ತನಕ ಸಿಗುವ ಮರದಲ್ಲಿ ಇದು ಆಗುತ್ತಾ? ಬೇವು, ಹಲಸು, ಹೆಬ್ಬೇವು, ಸಿಲ್ವರ್ ಓಕ್ ಕಣ್ಣಿಗೆ ಬೀಳುತ್ತಲೇ ಇವೆ. "ಹೊಸದು ತಗೊಳ್ಳಿ" ಅನ್ನುವವರು ದಯವಿಟ್ಟು ಬೇಡ. ಅದನ್ನು ಹೇಳಲು ಮನೆಯಲ್ಲೇ ಜನ ಇದ್ದಾರೆ.

ಬೆಣ್ಣೆ ಜಾಸ್ತಿ | ದಾವಣಗೆರೆ

ಸೈಪ್ರೆಸ್ ಅಂದ್ರೆ ಸರ್ವೆ ಮರ ಅಲ್ವಾ? ನಮ್ಮ ಮನೆ ಕಟ್ಟುವಾಗ ಸೆಂಟ್ರಿಂಗ್‌ಗೆ ತಂದಿದ್ದ ಸರ್ವೆ ಕಂಬ ಹಿತ್ತಲಲ್ಲಿ ಬಿದ್ದಿವೆ. ಬಂದು ಎತ್ತಿಕೊಂಡು ಹೋಗಿ.

ಆರುತಂತಿ | ದಾವಣಗೆರೆ

ಸರ್ವೆ ಬೇರೆ, ಸೈಪ್ರೆಸ್ ಬೇರೆ. ಸರ್ವೆಯ ಎಲೆ ಸೂಜಿ ಹಾಗೆ ಕಾಣುತ್ತೆ, ಕಾಯಿ ಪೈನ್ ಕಾಯಿಯ ಮರಿ ಹಾಗಿರುತ್ತೆ. ಅದಕ್ಕೇ ಗೊಂದಲ. ನಿಜವಾಗಿ ಅದು ಆ ಜಾತಿಯೇ ಅಲ್ಲ, ಹೂ ಬಿಡುವ ಮರ. ಕಲ್ಲಿನಂಥ ತೂಕ. ಒಣಗುವಾಗ ಸೀಳುತ್ತೆ. ಕಂಬಗಳು ಹಿತ್ತಲಲ್ಲೇ ಇರಲಿ.

ನಾನು ಹನ್ನೆರಡು ವರ್ಷದಿಂದ ಫ್ಲಮೆಂಕೊ ನುಡಿಸುತ್ತಿದ್ದೇನೆ. ಮರಗೆಲಸ ಗೊತ್ತಿಲ್ಲ, ಗಿಟಾರ್ ಹೇಗಿರಬೇಕು ಅನ್ನೋದು ಗೊತ್ತು. ಹಾಗಾಗಿ ಆ ಕಡೆಯಿಂದ ಹೇಳುತ್ತೇನೆ.

ಸೈಪ್ರೆಸ್ ತೂಕ ಒಂದು ಘನ ಮೀಟರ್‌ಗೆ ಸುಮಾರು 500ರಿಂದ 550 ಕಿಲೋ. ಬೀಟೆ 800 ದಾಟುತ್ತೆ. ಫ್ಲಮೆಂಕೊದಲ್ಲಿ ಗಿಟಾರ್ ಬಂದದ್ದು ಹಾಡಿಗೆ, ಕುಣಿತಕ್ಕೆ ಜೊತೆಯಾಗಿ. ಮೈಕ್ ಇಲ್ಲದ ಕಾಲ. ಪಕ್ಕದಲ್ಲೇ ಒಬ್ಬರು ಹಲಗೆಯ ಮೇಲೆ ಹಿಮ್ಮಡಿ ಕುಟ್ಟುತ್ತಿದ್ದಾರೆ, ಸುತ್ತ ಚಪ್ಪಾಳೆ. ಆ ಗದ್ದಲ ಸೀಳಿಕೊಂಡು ಸ್ವರ ಬರಬೇಕು. ತಟ್ಟನೆ ಹುಟ್ಟಬೇಕು, ತಟ್ಟನೆ ಸಾಯಬೇಕು. ಕ್ಲಾಸಿಕಲ್ ಗಿಟಾರ್ ಹಾಗೆ ಉದ್ದಕ್ಕೆ ಎಳೆಯಬಾರದು. ಅದಕ್ಕೆ ಡಬ್ಬಿ ಹಗುರ ಇರಬೇಕು. ಒಳ್ಳೆಯ ಬ್ಲಾಂಕಾ 1.2, 1.3 ಕಿಲೋ ಅಷ್ಟೇ. ಪಕ್ಕೆ 2 ಮಿಲಿಮೀಟರ್ ಆಸುಪಾಸು. ಕುದುರೆಯ, ಅಂದರೆ ಬ್ರಿಡ್ಜ್‌ನ ಹತ್ತಿರ ತಂತಿ ಮೇಲ್ಹಲಗೆಯಿಂದ 8 ಮಿಲಿಮೀಟರ್ ಎತ್ತರ ಇದ್ದರೆ ಸಾಕು. ಬೆರಳಿನಿಂದ ಹಲಗೆಗೆ ಕುಟ್ಟುತ್ತೇವಲ್ಲ, ಆ ಗೊಲ್ಪೆಗೆ ತಂತಿ ತಗ್ಗಿನಲ್ಲೇ ಇರಬೇಕು. ಹಲಗೆ ಸವೆಯದಿರಲಿ ಅಂತ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಾರೆ.

ಸ್ಪೇನಿನ ಹೆಸರಾಂತ ಫ್ಲಮೆಂಕೊ ವಾದಕ ಪಾಕೊ ದೆ ಲೂಸಿಯಾ ಬೀಟೆ ಜಾತಿಯ ಮರದ, ನೆಗ್ರಾ ಅನ್ನುವ ಕಪ್ಪು ಗಿಟಾರ್ ನುಡಿಸಿದ ಮೇಲೆ ಅದಕ್ಕೂ ಬೇಡಿಕೆ ಬಂತು. ಆದರೆ ನಿಮ್ಮ ಆಸೆ ಬ್ಲಾಂಕಾ ಅಲ್ವಾ? ಹಾಗಾದರೆ ಮರದ ಹೆಸರು ಮರೆತುಬಿಡಿ. ತೂಕ ಹಿಡಿಯಿರಿ.

ಹುಬ್ಬೆ ಮಳೆ | ಚಳ್ಳಕೆರೆ

ಒಂದು ಮಾತು ಕೇಳಲಾ, ಬೇಜಾರಾಗಬೇಡಿ. ನಮ್ಮ ಕಡೆ ಗಣೆ ಇದೆ, ಉರುಮೆ ಇದೆ, ಚೌಡಿಕೆ ಇದೆ. ಅವನ್ನು ಮಾಡುವವರೇ ಕಮ್ಮಿ ಆಗುತ್ತಿದ್ದಾರೆ. ನಡುವೆ ಈ ಸ್ಪೇನಿನ ವಾದ್ಯ ಯಾಕೆ?

ಜಂತೆಮರ | ಚಿತ್ರದುರ್ಗ

ಬೇಜಾರಿಲ್ಲ. ಗಣೆ ಊದುವವರನ್ನು ಕಾಡುಗೊಲ್ಲರ ಹಟ್ಟಿಯಲ್ಲಿ ಹತ್ತಿರದಿಂದ ಕೇಳಿದ್ದೇನೆ. ಅದನ್ನು ಮಾಡುವುದಕ್ಕೆ ಬಿದಿರಿನ ಜೊತೆ ಊದುವ ಕಿವಿಯೂ ಬೇಕು. ನನಗೆ ಊದಲು ಬರಲ್ಲ. ಆರು ತಂತಿ ಮೀಟಲು ಬರುತ್ತೆ. ಬರುವುದನ್ನು ಮಾಡುತ್ತಿದ್ದೇನೆ, ಅಷ್ಟೇ.

ತಮಟೆ ಕೈ | ಹಿರಿಯೂರು

ಮರದ ವಿಷಯ ನನಗೆ ಬರಲ್ಲ. ಆದರೆ ಫ್ಲಮೆಂಕೊ ತಾಳ ಕೇಳಿದ್ದೇನೆ. ಹನ್ನೆರಡು ಎಣಿಕೆ, ಪೆಟ್ಟು ಬೀಳೋದು ಮೂರು, ಮೂರು, ಎರಡು, ಎರಡು, ಎರಡು. ಬುಲೆರಿಯಾಸ್ ಅನ್ನುವ ವೇಗದ ಪ್ರಕಾರದಲ್ಲಿ ಹನ್ನೆರಡನೇ ಎಣಿಕೆಯಿಂದ ಶುರು ಮಾಡುತ್ತಾರೆ. ತಮಟೆಯಲ್ಲಿ ಇಟ್ಟು ನೋಡಿದೆ. ಮೊದಲು ಕೈ ಎಡವಿತು, ಆಮೇಲೆ ಬಿಡಲೇ ಇಲ್ಲ. ಗಿಟಾರ್ ಆದ ದಿನ ಹೇಳಿ, ಬರುತ್ತೇನೆ.

ತಂಬೂರಿ ತಾತ | ದಾವಣಗೆರೆ

ನಾನು ತಂಬೂರಿ, ವೀಣೆ ರಿಪೇರಿ ಮಾಡಿದವನು. ಈಗ ಕಣ್ಣು ಸಾಲದು. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ.

ಕುತ್ತಿಗೆಗೆ ಗಂಧಗರಿಗೆ ಹಾಕಿ. ಮಲೆನಾಡಿನವರು ನೊಗೆ ಅನ್ನುತ್ತಾರೆ, ತೋಟದವರು ರೆಡ್ ಸೀಡರ್ ಅನ್ನುತ್ತಾರೆ. ಕೆಂಪು ಮರ, ಹಗುರ, ಕೊಯ್ದರೆ ಘಮ ಅನ್ನುತ್ತೆ. ಮಿರಜಿನವರು ಸಿತಾರಿಗೆ ಬಳಸುವ ತುನ್ ಮರ ಇದೇ. ನೀವು ಹೇಳಿದ ಸ್ಪ್ಯಾನಿಷ್ ಸೀಡರ್ ಇದೆಯಲ್ಲ, ಅದು ಇದರ ಅಣ್ಣತಮ್ಮ. ಹಿಂದೆ ಗಿಡಶಾಸ್ತ್ರದವರು ಎರಡಕ್ಕೂ ಸೆಡ್ರೆಲಾ ಅಂತ ಒಂದೇ ಮನೆತನದ ಹೆಸರು ಇಟ್ಟಿದ್ದರು. ಬೇವು, ಹೆಬ್ಬೇವು ಕೂಡ ಇದೇ ದೊಡ್ಡ ಕುಟುಂಬ.

ಹಲಸು ವೀಣೆಗೆ ರಾಜ. ಆದರೆ ವೀಣೆಯನ್ನು ತೋಡಿ ಮಾಡುತ್ತೇವೆ, ಬಾಗಿಸಿ ಅಲ್ಲ. ಎರಡು ಮಿಲಿಮೀಟರ್ ಹಲಸನ್ನು ಸೊಂಟದ ತಿರುವಿಗೆ ಬಾಗಿಸುತ್ತೀರಾದರೆ ನಾಲ್ಕು ಪಟ್ಟಿ ಜಾಸ್ತಿ ಇಟ್ಟುಕೊಳ್ಳಿ.

ಇನ್ನೊಂದು. ತಂತಿ ತಗ್ಗು ಅಂದಿರಿ. ಹಾಗಾದರೆ ಬೆರಳು ಹಲಗೆಯ ಮೆಟ್ಟಿಲಿಗೆ (ಫ್ರೆಟ್) ತಾಗಿ ಸ್ವಲ್ಪ ಝಿಂ ಅನ್ನುವುದಿಲ್ಲವೇ?

ಆರುತಂತಿ | ದಾವಣಗೆರೆ

ಅನ್ನುತ್ತೆ ತಾತ. ಅದು ಬೇಕು ಕೂಡ. ಕ್ಲಾಸಿಕಲ್ ನುಡಿಸುವವರು ಅದನ್ನು ದೋಷ ಅಂತ ಅಂಗಡಿಗೆ ವಾಪಸ್ ಕಳಿಸುತ್ತಾರೆ. ನಮಗೆ ಜೋರಾಗಿ ಮೀಟಿದಾಗ ಒಂಚೂರು ಗರಗರ ಇಲ್ಲದಿದ್ದರೆ ಸಪ್ಪೆ.

ತಂಬೂರಿ ತಾತ | ದಾವಣಗೆರೆ

ಹಾಗಾದರೆ ಅದು ಜೀವಾಳಿ. ತಂಬೂರಿಯ ಕುದುರೆಯ ಮೇಲೆ ನೂಲು ಸರಿಸಿ ನಾವು ಹುಡುಕುವುದು ಅದನ್ನೇ. ನೂಲು ಕೂದಲೆಳೆ ಆಚೀಚೆ ಆದರೂ ಜೀವ ಹೋಗುತ್ತೆ. ಗಿಟಾರ್ ಮಾಡುವ ಹುಡುಗನಿಗೆ ಹೇಳಿ: ಗರಗರ ಎಲ್ಲಾ ತಂತಿಗೂ ಒಂದೇ ಸಮ ಇರಲಿ. ಒಂದೇ ಕಡೆ ಇದ್ದರೆ ಅದು ದೋಷವೇ.

ಸಾಮಿಲ್ ಪಕ್ಕ | ಹೊಳಲ್ಕೆರೆ

ಎಲ್ಲಾ ಮಾತು ಸರಿ. ಮೊದಲು ಅಳೆಯಿರಿ. ಒಣಗಿದ ಮರದಲ್ಲಿ 10 ಸೆಂಟಿಮೀಟರ್ ಉದ್ದ, 5 ಅಗಲ, 2 ದಪ್ಪದ ತುಂಡು ಕೊಯ್ಯಿರಿ. ಅದು 100 ಘನ ಸೆಂಟಿಮೀಟರ್. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬಂದ ಗ್ರಾಂ ಅನ್ನು ಹತ್ತರಿಂದ ಗುಣಿಸಿ. ಘನ ಮೀಟರ್‌ಗೆ ಎಷ್ಟು ಕಿಲೋ ಅಂತ ಬಂತು. ನಮ್ಮ ಶೆಡ್ಡಿನಲ್ಲಿ ಇದ್ದದ್ದನ್ನು ಈಗ ತೂಗಿದೆ: ತೇಗ 66 ಗ್ರಾಂ, ಹಲಸು 61, ಬೇವು 72, ಸಿಲ್ವರ್ ಓಕ್ 58, ಹೆಬ್ಬೇವು 41. ಒಂದೇ ಜಾತಿಯಲ್ಲೂ ಮರದಿಂದ ಮರಕ್ಕೆ ಬದಲಾಗುತ್ತೆ. ನಿಮ್ಮದನ್ನು ನೀವೇ ತೂಗಿ.

ಒಣಗಿದೆಯೋ ಇಲ್ಲವೋ ತಿಳಿಯೋಕೂ ತಕ್ಕಡಿ ಸಾಕು. ಹಲಗೆಯ ಮೇಲೆ ಇವತ್ತಿನ ತೂಕ ಬರೆದಿಡಿ, ವಾರಕ್ಕೊಮ್ಮೆ ಮತ್ತೆ ತೂಗಿ. ಇಳಿಯೋದು ನಿಂತರೆ ಒಣಗಿದೆ ಅಂತ ಅರ್ಥ.

ಸೀಳುವಾಗ ಹುಷಾರು. ದಿಮ್ಮಿಯ ನಡುವಿನಿಂದ ತೊಗಟೆ ಕಡೆಗೆ, ಹಲಸಿನ ತೊಳೆ ಬಿಡಿಸಿದ ಹಾಗೆ ಸೀಳಿಸಬೇಕು. ವರ್ಷದ ಉಂಗುರಗಳು ಹಲಗೆಯಲ್ಲಿ ನೆಟ್ಟಗೆ ನಿಂತಿರಬೇಕು. ಮಲಗಿದ್ದರೆ ಮಳೆ, ಬಿಸಿಲಿಗೆ ಹಲಗೆ ಸುಮಾರು ಎರಡರಷ್ಟು ಹಿಗ್ಗಿ ಕುಗ್ಗುತ್ತೆ. ಸಾಮಿಲ್ ಆಪರೇಟರ್ ಒಪ್ಪಲ್ಲ, ಮರ ವೇಸ್ಟ್ ಅನ್ನುತ್ತಾನೆ. ಪಕ್ಕದಲ್ಲೇ ನಿಂತುಕೊಳ್ಳಿ.

ಸಿಲ್ವರ್ ಓಕ್, ಸರ್ವೆ, ನೀಲಗಿರಿ ಕಡಿಯೋಕೆ ಅನುಮತಿ ತಂಟೆ ಇಲ್ಲ. ಬೀಟೆ, ತೇಗ, ಗಂಧಕ್ಕೆ ಕಾಗದ ಇಲ್ಲದೆ ಕೈ ಹಾಕಬೇಡಿ, ಸ್ವಂತ ಜಮೀನಿನಲ್ಲಿದ್ದರೂ.

ಜಂತೆಮರ | ಚಿತ್ರದುರ್ಗ

ಇದು ಬೇಕಿತ್ತು, ಥ್ಯಾಂಕ್ಸ್. ಬೆರಳು ಹಲಗೆಗೆ ಬೀಟೆ ಕೊಳ್ಳಬೇಕಿಲ್ಲ. ಅಜ್ಜಿಯ ಮುರಿದ ಮಂಚದ ಪಟ್ಟಿ ಅಟ್ಟದಲ್ಲಿದೆ. ಅರವತ್ತು ವರ್ಷ ಒಣಗಿದ ಬೀಟೆ. ಅಪ್ಪ ಅದರಲ್ಲಿ ತಂತಿ ಬಿಗಿಯುವ ಬಿರಡೆಗಳನ್ನೂ ಕಡೆದು ಕೊಡುತ್ತೇನೆ ಅಂದಿದ್ದಾರೆ.

ಸೀಳುವ ವಿಷಯದಲ್ಲಿ ಪೆಟ್ಟು ತಿಂದಾಗಿದೆ. ಹೋದ ತಿಂಗಳು ಒಂದು ಕಡೆ ಹಲಸಿನ ದಿಮ್ಮಿ ಕೊಟ್ಟು, ಗೆರೆ ಹಾಕಿ, ಹೇಗೆ ಸೀಳಬೇಕು ಅಂತ ಸೀಮೆಸುಣ್ಣದಲ್ಲಿ ಬರೆದು ಬಂದಿದ್ದೆ. ಸಂಜೆ ಹೋದರೆ ಬಾಗಿಲ ಹಲಗೆ ಸೀಳಿದ ಹಾಗೆ ಸೀಳಿ ಜೋಡಿಸಿಟ್ಟಿದ್ದರು. ದುಡ್ಡನ್ನೂ ತಗೊಂಡರು.

ಮಾಳಿಗೆ ಮನೆ | ಹೊಸದುರ್ಗ

ಯಾರೂ ಶಿವನೆ ಹೆಸರು ಎತ್ತಲಿಲ್ಲವಲ್ಲ. ಕೆಲವರು ಕೂಳಿ ಮರ ಅನ್ನುತ್ತಾರೆ. ಬಿಳಿಹಳದಿ ಬಣ್ಣ, ನೋಡಿದರೆ ನೀವು ಹೇಳುವ ಬಿಳಿ ಗಿಟಾರ್ ಬಣ್ಣವೇ. ತೇಗದ ಬಂಧು, ಆದರೆ ಅದಕ್ಕಿಂತ ಹಗುರ. ನಮ್ಮಜ್ಜ ತೊಟ್ಟಿಲು ಮಾಡಿಸಿದ್ದು ಇದರಲ್ಲೇ. ಬಿಸಿಲಲ್ಲಿ ಬಿಟ್ಟರೂ ತಿರುಚಲ್ಲ ಅಂತ.

ಚಿಕ್ಕಪ್ಪನ ತೋಟದ ಬದುವಿನಲ್ಲಿದ್ದ ಒಂದು ಮರ ಎರಡು ವರ್ಷದ ಹಿಂದೆ ಗಾಳಿಗೆ ಬಿತ್ತು. ದಿಮ್ಮಿ ಕೊಟ್ಟಿಗೆಯ ಮಾಡಿನ ಕೆಳಗಿದೆ, ಇಬ್ಬರು ತಬ್ಬಿದರೆ ಕೈ ಸೇರುವಷ್ಟು ದಪ್ಪ. ಬಂದು ನೋಡಿ.

ಸಾಮಿಲ್ ಪಕ್ಕ | ಹೊಳಲ್ಕೆರೆ

ಅಯ್ಯೋ, ನನಗೆ ಹೊಳೆಯಲೇ ಇಲ್ಲ. ಶಿವನೆ ಒಳ್ಳೆ ಆಯ್ಕೆ. 45ರಿಂದ 50 ಗ್ರಾಂ ಬರಬೇಕು. ತೊಗಟೆ ಕಡೆಯ ಬೆಳು ಭಾಗಕ್ಕೆ ಹುಳು ಹೊಡೆಯುತ್ತೆ, ಚೇಗು ಮಾತ್ರ ತಗೊಳ್ಳಿ.

ಹುಬ್ಬೆ ಮಳೆ | ಚಳ್ಳಕೆರೆ

ಸರಿ, ಬೆನ್ನು ಶಿವನೆ, ಕುತ್ತಿಗೆ ಗಂಧಗರಿಗೆ. ಮೇಲ್ಹಲಗೆ? ಅದು ಹಿಮದ ದೇಶದ ಸ್ಪ್ರೂಸ್ ಆದರೆ "ನಮ್ಮ ಮರದ ಗಿಟಾರ್" ಅನ್ನೋದು ಅರ್ಧ ಸುಳ್ಳಲ್ವಾ?

ಜಂತೆಮರ | ಚಿತ್ರದುರ್ಗ

ನಾನೂ ಹಾಗೇ ಅಂದುಕೊಂಡು ಹೆಬ್ಬೇವು ಹಾಕೋಣ ಅಂತಿದ್ದೆ. ಸ್ಪ್ರೂಸ್‌ನಷ್ಟೇ ಹಗುರ. ಪ್ಲೈವುಡ್‌ಗೆ ಅಂತ ರೈತರು ಬೆಳೆಯುತ್ತಾರೆ, ಎಲ್ಲಿ ಬೇಕಾದರೂ ಸಿಗುತ್ತೆ. ನಿನ್ನೆ ಪರೀಕ್ಷೆ ಮಾಡಿದೆ. ಎರಡೂ ಮರದಿಂದ 3 ಸೆಂಟಿಮೀಟರ್ ಅಗಲ, 2.5 ಮಿಲಿಮೀಟರ್ ದಪ್ಪದ ಪಟ್ಟಿ ಮಾಡಿದೆ. ಸ್ಪ್ರೂಸ್ ತುಂಡು ಹಳೆ ಮುರುಕು ಗಿಟಾರಿನದು. 40 ಸೆಂಟಿಮೀಟರ್ ಅಂತರದಲ್ಲಿ ಎರಡು ಇಟ್ಟಿಗೆ, ಅದರ ಮೇಲೆ ಪಟ್ಟಿ, ನಡುವೆ 200 ಗ್ರಾಂ ಬಟ್ಟು. ಸ್ಪ್ರೂಸ್ 6 ಮಿಲಿಮೀಟರ್ ಬಾಗಿತು. ಹೆಬ್ಬೇವು 10 ದಾಟಿತು.

ನೈಲಾನ್ ತಂತಿ ಆರೂ ಸೇರಿ ಸುಮಾರು 40 ಕಿಲೋ ಎಳೆಯುತ್ತವೆ. ಅಂದರೆ ಸಿಮೆಂಟ್ ಮೂಟೆಗಿಂತ ಸ್ವಲ್ಪ ಕಮ್ಮಿ. ಹೆಬ್ಬೇವಿಗೆ ಅದನ್ನು ತಡೆಯಲು ದಪ್ಪ ಹೆಚ್ಚಿಸಬೇಕು. ದಪ್ಪ ಹೆಚ್ಚಿಸಿದರೆ ಮತ್ತೆ ಟ್ರಂಕು.

ಆರುತಂತಿ | ದಾವಣಗೆರೆ

ಮೇಲ್ಹಲಗೆಯಲ್ಲಿ ರಾಜಿ ಬೇಡ. ಆಂಟೊನಿಯೊ ದೆ ಟೋರೆಸ್ ಹೆಸರು ಕೇಳಿರುತ್ತೀರಿ. 1817ರಲ್ಲಿ ಹುಟ್ಟಿದ ಅಲ್ಮೆರಿಯಾದವನು, ಮೊದಲು ಬಡಗಿ. ಇವತ್ತಿನ ಗಿಟಾರಿನ ಅಳತೆ, 65 ಸೆಂಟಿಮೀಟರ್ ತಂತಿ, ಮೇಲ್ಹಲಗೆಯ ಒಳಗೆ ಬೀಸಣಿಗೆ ಹಾಗೆ ಹರಡಿದ ಕಡ್ಡಿಗಳು, ಇವೆಲ್ಲ ನೆಲೆ ನಿಂತದ್ದು ಅವನ ಕೈಯಲ್ಲಿ. 1862ರಲ್ಲಿ ಅವನು ಒಂದು ಗಿಟಾರ್ ಮಾಡಿದ. ಬೆನ್ನು, ಪಕ್ಕೆ ಎರಡೂ ಕಾಗದದ ರಟ್ಟು. ಮೇಲ್ಹಲಗೆ ಮಾತ್ರ ಒಳ್ಳೆ ಸ್ಪ್ರೂಸ್. ಸ್ವರ ಹುಟ್ಟೋದು ಎಲ್ಲಿ ಅಂತ ತೋರಿಸೋಕೆ. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ಮ್ಯೂಸಿಯಂನಲ್ಲಿದೆ.

ಇನ್ನು "ಅರ್ಧ ಸುಳ್ಳು" ವಿಷಯ. ಸ್ಪೇನಿನವರ ಸೈಪ್ರೆಸ್ ಅವರ ಊರಿನದು, ಬೀಟೆಗಿಂತ ಅಗ್ಗ ಅಂತ ಬಳಕೆಗೆ ಬಂದದ್ದು. ಅವರ ಸ್ಪ್ರೂಸ್ ಮಧ್ಯ ಯುರೋಪಿನದು, ಕುತ್ತಿಗೆಯ ಸೀಡರ್ ಅಮೆರಿಕಾ ಖಂಡದ್ದು, ಕರಿಮರ ಆಫ್ರಿಕಾದ್ದೋ ನಮ್ಮ ಕಡೆಯದ್ದೋ. ಪಾಲಿಶ್ ಮಾಡುವ ಅರಗು ನಮ್ಮ ದೇಶದ್ದು. ಅವರ ಗಿಟಾರೂ ಪೂರ್ತಿ ಅವರದ್ದಲ್ಲ.

ಹೊಳೆದಂಡೆ | ಹರಿಹರ

ಸ್ಪ್ರೂಸ್ ಕೊಳ್ಳೋದು ಯಾಕೆ? ಹೊರದೇಶದ ಮೆಷಿನ್ ಬರುವ ಮರದ ಪೆಟ್ಟಿಗೆ, ಪ್ಯಾಲೆಟ್ ನೋಡಿದ್ದೀರಲ್ಲ. ಯುರೋಪಿನಿಂದ ಬಂದವು ಎಷ್ಟೋ ಸಲ ಸ್ಪ್ರೂಸ್ ಅಥವಾ ಪೈನ್. ಗುಜರಿಯಲ್ಲಿ ರಾಶಿ ಬಿದ್ದಿರುತ್ತವೆ, ಹೋಟೆಲಿನವರು ಒಲೆಗೆ ಹಾಕುತ್ತಾರೆ. ಹಲಗೆಯ ಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ ಇರುತ್ತೆ. ಅದರಲ್ಲಿ ಎಚ್‌ಟಿ ಅಂತಿದ್ದರೆ ಬಿಸಿ ಮಾಡಿ ಹುಳು ಕೊಂದದ್ದು, ತಗೊಳ್ಳಿ. ಎಂಬಿ ಅಂತಿದ್ದರೆ ವಿಷದ ಗ್ಯಾಸ್ ಹೊಡೆದದ್ದು, ಮುಟ್ಟಬೇಡಿ.

ಅಮೆರಿಕದ ಗಿಟಾರ್ ತಯಾರಕ ಬಾಬ್ ಟೇಲರ್ 1995ರಲ್ಲಿ ಪ್ಯಾಲೆಟ್ ಮರದಿಂದಲೇ ಗಿಟಾರ್ ಮಾಡಿ ತೋರಿಸಿದ್ದ. ಮೊಳೆ ಹೊಡೆದ ತೂತುಗಳನ್ನೂ ಎದ್ದು ಕಾಣುವ ಹಾಗೆ ಚೆಂದ ಮಾಡಿದ್ದ.

ಬೆಣ್ಣೆ ಜಾಸ್ತಿ | ದಾವಣಗೆರೆ

ಅಂದ್ರೆ ನನ್ನ ಸೆಂಟ್ರಿಂಗ್ ಕಂಬ ಬೇಡ, ಗುಜರಿ ಪೆಟ್ಟಿಗೆ ಆಗುತ್ತೆ. ಇರಲಿ.

ಜಂತೆಮರ | ಚಿತ್ರದುರ್ಗ

ಭಾನುವಾರ ಹರಿಹರಕ್ಕೆ ಹೋಗಿ ಬಂದೆ. ಮೂವತ್ತು ಹಲಗೆ ತಿರುವಿ ಹಾಕಿದ ಮೇಲೆ ಗಂಟಿಲ್ಲದ, ಎಳೆ ನೆಟ್ಟಗಿರುವ ಎರಡು ಸಿಕ್ಕವು. ಒಂದು ಪೆಟ್ಟಿಗೆಯದು, ಒಂದು ಪ್ಯಾಲೆಟ್‌ನದು. ಗುಜರಿಯವನು ದುಡ್ಡು ಬೇಡ ಅಂದ, ಮೊಳೆ ಕಿತ್ತು ಇಲ್ಲೇ ಬಿಟ್ಟು ಹೋಗಿ ಅಂದ. ಅಗಲ ಸಾಲದು, ಹಾಗಾಗಿ ಮೇಲ್ಹಲಗೆ ನಾಲ್ಕು ತುಂಡಿನದಾಗುತ್ತೆ. ಇಟ್ಟಿಗೆ ಪರೀಕ್ಷೆಯಲ್ಲಿ 6.5 ಮಿಲಿಮೀಟರ್ ಬಂತು. ಸ್ಪ್ರೂಸೋ ಪೈನೋ, ಕೆಲಸಕ್ಕೆ ಬರುತ್ತೆ.

ಹೊಸದುರ್ಗದ ಶಿವನೆಯೂ ಬಂತು. 47 ಗ್ರಾಂ. ಈ ಸಲ ಸೀಳುವಾಗ ಅಪ್ಪನನ್ನೇ ಕರೆದುಕೊಂಡು ಹೋಗಿದ್ದೆ. ಅವರು ಆಪರೇಟರ್ ಪಕ್ಕ ಕುರ್ಚಿ ಹಾಕಿಕೊಂಡು ಕೂತರು.

ಜಂತೆಮರ | ಚಿತ್ರದುರ್ಗ

ನಾಲ್ಕು ತಿಂಗಳಾಯಿತು. ಹಲಗೆಗಳನ್ನು ತಗಡಿನ ಮಾಡಿನ ಕೆಳಗೆ ಒಣಗಿಸಿದೆ. ತೂಕ ಇಳಿಯೋದು ನಿಂತ ಮೇಲೆ ಕೈ ಹಾಕಿದೆ. ಆಗಿದ್ದನ್ನು ಹೇಳುತ್ತೇನೆ.

ಬೇವು ಸುಮ್ನೆ ಕುತೂಹಲಕ್ಕೆ ನೋಡಿದೆ. ಎಳೆ ಒಂದು ಕಡೆ ಹೋಗಿ ಮತ್ತೆ ವಾಪಸ್ ಬರುತ್ತೆ, ಕೀಸುಳಿ ಹಾಕಿದರೆ ಕಿತ್ತು ಬರುತ್ತೆ. ಅದರ ಪುಡಿ ಬಾಯಿಗೆ ಹೋಗಿ ಎರಡು ದಿನ ಅನ್ನವೂ ಕಹಿ. ತಾತ ಹೇಳಿದ ಹಾಗೆ ಹಲಸು ಸೊಂಟದ ತಿರುವಿನಲ್ಲಿ ಚಟ್ ಅಂತು. ಎರಡು ಪಟ್ಟಿ ಹೋದವು. ಅಲ್ಲಿಗೆ ಬಿಟ್ಟೆ.

ಶಿವನೆ ಬಾಗಿತು. ಕಬ್ಬಿಣದ ಪೈಪಿನೊಳಗೆ ಗ್ಯಾಸ್ ಬತ್ತಿ ಇಟ್ಟು ಕಾಯಿಸಿ, ಮೇಲೆ ಒದ್ದೆ ಬಟ್ಟೆ ಹಾಕಿ ಒತ್ತಿದೆ. ಪಕ್ಕೆ 2 ಮಿಲಿಮೀಟರ್ ಇದ್ದಾಗ ಹಟ ಮಾಡಿತು. 1.8ಕ್ಕೆ ಇಳಿಸಿದಾಗ ಮಾತು ಕೇಳಿತು. ನೀರು ಜಾಸ್ತಿ ಹಾಕಿದ ಕಡೆ ಸ್ವಲ್ಪ ಅಲೆ ಅಲೆಯಾಗಿದೆ. ಮರದ ತಪ್ಪಲ್ಲ, ನನ್ನ ಅವಸರ.

ಅಂಟಿಗೆ ಸರೇಸು, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು. ಮೊದಲು ಬಾಟಲಿಯ ಬಿಳಿ ಅಂಟು ಹಾಕೋಣ ಅಂದುಕೊಂಡಿದ್ದೆ. ಅಪ್ಪ ಬೇಡ ಅಂದರು. ಬಿಸಿಲಲ್ಲಿ ಅದು ಮೆತ್ತಗಾಗಿ ಜೋಡಣೆ ಜಾರೋದನ್ನು ಕುರ್ಚಿಗಳಲ್ಲಿ ನೋಡಿದ್ದಾರಂತೆ. ಸರೇಸು ಗಟ್ಟಿಯಾಗಿ ಒಣಗುತ್ತೆ. ನಾಳೆ ರಿಪೇರಿ ಬಂದರೆ ಬಿಸಿ ನೀರು, ಬಿಸಿ ಚಾಕು ಸಾಕು, ಬಿಡಿಸಬಹುದು. ವಾಸನೆ ಮಾತ್ರ ಮನೆಯವರ ಸಹನೆಯ ಪರೀಕ್ಷೆ.

ಸಾಮಿಲ್ ಪಕ್ಕ | ಹೊಳಲ್ಕೆರೆ

ಬೆನ್ನು ಅಂಟಿಸುವ ದಿನ ಗಾಳಿಯಲ್ಲಿ ತೇವ ಎಷ್ಟಿತ್ತು? ನೋಡಿದಿರಾ?

ಜಂತೆಮರ | ಚಿತ್ರದುರ್ಗ

ಅದೇ ದೊಡ್ಡ ಪಾಠ. ಇನ್ನೂರು ರೂಪಾಯಿಯ ಮೀಟರ್ ತಂದು ಗೋಡೆಗೆ ನೇತು ಹಾಕಿದ್ದೇನೆ. ಏಪ್ರಿಲ್ ಮಧ್ಯಾಹ್ನ ಶೇಕಡಾ 25 ತೋರಿಸಿತು. ಜುಲೈನಲ್ಲಿ ಒಂದು ದಿನ 80. ಎರಡೂ ದಿನ ಅಂಟಿಸಬಾರದು. 25ರಲ್ಲಿ ಅಂಟಿಸಿದರೆ ಮಳೆಗಾಲದಲ್ಲಿ ಹಲಗೆ ಹಿಗ್ಗಿ ಉಬ್ಬುತ್ತೆ. 80ರಲ್ಲಿ ಅಂಟಿಸಿದರೆ ಬೇಸಿಗೆಗೆ ಕುಗ್ಗಿ ಸೀಳುತ್ತೆ. ಉಬ್ಬಿದ್ದು ಇಳಿಯುತ್ತೆ, ಸೀಳಿದ್ದು ಕೂಡಲ್ಲ. ಹಾಗಾಗಿ 45ರ ಆಸುಪಾಸು ಬರುವ ತನಕ ಕಾದೆ. ನಮ್ಮ ಕಡೆ ಅಂಥ ದಿನಗಳಿಗೆ ಬರ ಇಲ್ಲ. ನವೆಂಬರ್‌ನಿಂದ ಫೆಬ್ರವರಿ ತನಕ ಚೆನ್ನಾಗಿರುತ್ತೆ. ಮಂಗಳೂರಿನಲ್ಲಿ ಕೂತು ಈ ಕೆಲಸ ಮಾಡುವವರನ್ನು ನೆನೆದು ಅಯ್ಯೋ ಅನ್ನಿಸಿತು.

ಗ್ರನಾಡಾ ಊರು ನೋಡಿ. ಸ್ಪೇನಿನಲ್ಲಿ ಗಿಟಾರ್ ಮಾಡುವವರ ಬೀದಿಗಳೇ ಇರುವ ಊರು. ಸಮುದ್ರ ಮಟ್ಟದಿಂದ 700 ಮೀಟರಿಗಿಂತ ಸ್ವಲ್ಪ ಮೇಲೆ, ಒಣ ಬೇಸಿಗೆ, ಗುಡ್ಡದ ಮೇಲೆ ಕೋಟೆ. ನಮ್ಮ ದುರ್ಗವೂ ಹೆಚ್ಚುಕಮ್ಮಿ ಅಷ್ಟೇ ಎತ್ತರ. ಅವರ ಚಳಿ ನಮಗಿಲ್ಲ, ಅದೊಂದು ಬಿಟ್ಟರೆ ಮರಕ್ಕೆ ಪರಿಚಯದ ಗಾಳಿ.

ಹುಬ್ಬೆ ಮಳೆ | ಚಳ್ಳಕೆರೆ

ಕೋಟೆ ಹೋಲಿಕೆ ಸ್ವಲ್ಪ ಜಾಸ್ತಿ ಆಯ್ತು. ಆದರೆ ಮುಂದೆ ಹೇಳಿ.

ಜಂತೆಮರ | ಚಿತ್ರದುರ್ಗ

ಆಯ್ತು. ಮೊನ್ನೆ ತಂತಿ ಹಾಕಿದೆ. ಬಿರಡೆ ಸೇರಿ 1.38 ಕಿಲೋ. ಮೊದಲನೆಯದಕ್ಕಿಂತ ಹತ್ತಿರ ಹತ್ತಿರ ಒಂದು ಕಿಲೋ ಕಮ್ಮಿ. ಹನ್ನೆರಡನೇ ಮೆಟ್ಟಿಲಿನಲ್ಲಿ ದಪ್ಪ ತಂತಿ 2.8 ಮಿಲಿಮೀಟರ್ ಎತ್ತರ, ಕುದುರೆಯ ಹತ್ತಿರ 8. ಮೇಲ್ಹಲಗೆಯಲ್ಲಿ ಎರಡು ಮೊಳೆ ತೂತು ಉಳಿದಿವೆ. ಬೀಟೆಯ ಸಣ್ಣ ಬಿಲ್ಲೆ ಹಾಕಿ ಮುಚ್ಚಿದೆ. ಅರಗು ಪಾಲಿಶ್ ಹದಿನಾಲ್ಕು ಕೈ. ಅದರ ಕಥೆ ಬೇರೆ ದಿನ, ಭುಜ ಇನ್ನೂ ನೋಯುತ್ತಿದೆ.

ಭಾನುವಾರ ಅದನ್ನು ದಾವಣಗೆರೆಗೆ ಒಯ್ದೆ. ತೀರ್ಪು ನಾನು ಹೇಳಲ್ಲ, ನುಡಿಸಿದವರೇ ಹೇಳಲಿ.

ಆರುತಂತಿ | ದಾವಣಗೆರೆ

ನನ್ನ ಸ್ಪೇನಿನ ಸೈಪ್ರೆಸ್ ಗಿಟಾರ್ ಪಕ್ಕದಲ್ಲಿಟ್ಟು ಎರಡು ಗಂಟೆ ನುಡಿಸಿದೆ. ಮುಲಾಜಿಲ್ಲದೆ ಹೇಳುತ್ತೇನೆ, ಅವರೇ ಹಾಗೆ ಕೇಳಿದ್ದಾರೆ.

ರಸ್ಗಿಯಾದೊ, ಅಂದರೆ ಬೆರಳುಗಳನ್ನು ಬೀಸಣಿಗೆ ಬಿಚ್ಚಿದ ಹಾಗೆ ತಂತಿಗಳ ಮೇಲೆ ಎರಚುವುದು, ಅದರಲ್ಲಿ ಗೆದ್ದಿದೆ. ಸದ್ದು ತಟ್ಟನೆ ಬರುತ್ತೆ. ದಪ್ಪ ತಂತಿಗಳಲ್ಲಿ ಗುದ್ದಿದೆ, ಗೊಲ್ಪೆಯೂ ಗಟ್ಟಿಯಾಗಿ ಕೇಳುತ್ತೆ. ಆದರೆ ಮೂರನೇ ತಂತಿ ಮಂಕು. ಮೊದಲ ತಂತಿ ಒಂಬತ್ತನೇ ಮೆಟ್ಟಿಲಿನ ಮೇಲೆ ಬಡವಾಗುತ್ತೆ. ಸೈಪ್ರೆಸ್‌ನ ಒಣ, ಸುಟ್ಟ ಹಪ್ಪಳದಂಥ ಸದ್ದು ಇಲ್ಲ. ಇದು ಸ್ವಲ್ಪ ಮೆತ್ತಗೆ, ಬೆಚ್ಚಗೆ. ಕುಣಿತದ ಪಕ್ಕ ಕೂತರೆ ಸೈಪ್ರೆಸ್ ತಗೊಳ್ಳುತ್ತೇನೆ. ಒಬ್ಬರು ಹಾಡುವಾಗ ಜೊತೆಗೆ ನುಡಿಸು ಅಂದರೆ ಇದನ್ನೇ ತಗೊಳ್ಳಬಹುದೇನೋ.

ಗರಗರ ಐದನೇ ತಂತಿಯಲ್ಲಿ ಮಾತ್ರ ಜಾಸ್ತಿ. ತಾತ, ನಿಮ್ಮ ಮಾತೇ ನೆನಪಾಯ್ತು.

ತಂಬೂರಿ ತಾತ | ದಾವಣಗೆರೆ

ಐದನೇ ತಂತಿಗೆ ನಾಲ್ಕನೇ, ಐದನೇ ಮೆಟ್ಟಿಲಿನ ಹತ್ತಿರ ನೋಡಿ. ಒಂದು ಮೆಟ್ಟಿಲು ಎದ್ದಿರಬೇಕು. ನೆಟ್ಟಗಿನ ಅಂಚಿನ ಅಡಿಕೋಲು ಇಟ್ಟು, ಮೂರು ಮೆಟ್ಟಿಲಿನ ಮೇಲೆ ಅಲ್ಲಾಡಿಸಿ. ಅಡಿಕೋಲು ತೂಗಾಡಿದರೆ ನಡುವಿನದು ಎತ್ತರ. ಅರ ಹಾಕುವ ಮೊದಲು ಸುತ್ತ ಕಾಗದದ ಪಟ್ಟಿ ಅಂಟಿಸಿಕೊಳ್ಳಿ, ಅಜ್ಜಿಯ ಬೀಟೆ ಕೆಡಿಸಬೇಡಿ.

ಮೂರನೇ ತಂತಿ ಮಂಕು ಅನ್ನುವುದಕ್ಕೆ ತಂತಿ ಬೇರೆ ಹಾಕಿ ನೋಡಿ ಮೊದಲು. ಎಲ್ಲಾ ಮರದ ತಲೆಗೆ ಕಟ್ಟಬೇಡಿ.

ಜಂತೆಮರ | ಚಿತ್ರದುರ್ಗ

ಐದನೇ ಮೆಟ್ಟಿಲೇ ಎದ್ದಿತ್ತು ತಾತ. ಎರಡು ಸಲ ಅರ ಎಳೆದೆ, ಸರಿ ಹೋಯ್ತು. ಈಗ ಆರೂ ತಂತಿಗೆ ಗರಗರ ಒಂದೇ ಸಮ ಇದೆ. ಮೂರನೆಯದಕ್ಕೆ ಬೇರೆ ತಂತಿ ಹಾಕಿದೆ, ಮಂಕು ಅರ್ಧ ಹೋಯ್ತು. ಮೊದಲ ತಂತಿ ಬಡವಾಗಿರೋದು ಮಾತ್ರ ನನ್ನದೇ ತಪ್ಪು ಅನ್ನಿಸುತ್ತೆ. ಮೇಲ್ಹಲಗೆಯ ಒಳಗಿನ ಕಡ್ಡಿ ಆ ಕಡೆ ದಪ್ಪ ಉಳಿದಿದೆ. ಸ್ವರರಂಧ್ರದಿಂದ ಕೈ ಹಾಕಿ ಉಪ್ಪುಕಾಗದದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದೇನೆ.

ತಮಟೆ ಕೈ | ಹಿರಿಯೂರು

ನನ್ನನ್ನು ಕರೆಯಲೇ ಇಲ್ಲ.

ಜಂತೆಮರ | ಚಿತ್ರದುರ್ಗ

ಕಡ್ಡಿ ಕೆಲಸ ಮುಗಿಯಲಿ, ಅಂಗಡಿಗೇ ಬನ್ನಿ. ತಮಟೆ ಕಾಯಿಸೋಕೆ ಮರದ ಚೂರು ಬೇಕಾದಷ್ಟಿದೆ.

ಮಾಳಿಗೆ ಮನೆ | ಹೊಸದುರ್ಗ

ಚಿಕ್ಕಪ್ಪನಿಗೆ ವಿಡಿಯೋ ತೋರಿಸಿದೆ. "ಬದುವಿನ ಮರ ಇಷ್ಟೆಲ್ಲಾ ಮಾತಾಡುತ್ತಾ" ಅಂದರು. ಉಳಿದ ಅರ್ಧ ದಿಮ್ಮಿ ಇನ್ನೂ ಕೊಟ್ಟಿಗೆಯಲ್ಲಿದೆ. ಯಾರಿಗಾದರೂ ಬೇಕಾ?

ಜಂತೆಮರ | ಚಿತ್ರದುರ್ಗ

ಅದರಲ್ಲಿ ಐದಾರು ಗಿಟಾರಿಗೆ ಬೆನ್ನು, ಪಕ್ಕೆ ಬರುತ್ತೆ. ನನಗೆ ಎರಡು ಸಾಕು. ಬೇಕಾದವರು ಹೇಳಿ, ಒಂದೇ ದಿನ ಸೀಳಿಸೋಣ, ಖರ್ಚು ಹಂಚಿಕೊಳ್ಳೋಣ. ಒಂದೇ ಷರತ್ತು: ಆಪರೇಟರ್ ಪಕ್ಕದ ಕುರ್ಚಿ ಅಪ್ಪನದು.

ಬೆಣ್ಣೆ ಜಾಸ್ತಿ | ದಾವಣಗೆರೆ

ನನಗೊಂದು ಸೆಟ್. ಬರುವಾಗ ಸರ್ವೆ ಕಂಬ ತರುತ್ತೇನೆ, ದಿಮ್ಮಿ ಉರುಳಿಸೋಕಾದರೂ ಆಗುತ್ತೆ.